ಜಪಾನಿನಲ್ಲಿ ಬಸ್ಸು ಹತ್ತದ ದಿನ

ಮಳವಳ್ಳಿ–ಮದ್ದೂರು ರಸ್ತೆ

ಮನುಷ್ಯನು ಓಡುವುದನ್ನು ನಿಲ್ಲಿಸಿ ಒಂದೆಡೆ ಕೂತ ದಿನವೇ ನಾಗರಿಕತೆ ಹುಟ್ಟಿತು ಎಂದು ತಿಳಿದವರು ಹೇಳುತ್ತಾರೆ. ಈ ಮಾತು ನಿಜವಾದರೆ ನಮ್ಮ ಮಳವಳ್ಳಿಯಷ್ಟು ಮುಂದುವರಿದ ಊರು ಭೂಮಂಡಲದಲ್ಲಿ ಇನ್ನೊಂದಿಲ್ಲ. ಅಲ್ಲಿ ಕೂತವರು ಏಳುವುದು ಬಸ್ಸು ಬಂದಾಗ ಮಾತ್ರ, ಓಡುವುದು ಬಸ್ಸು ಹೊರಟುಬಿಟ್ಟಾಗ ಮಾತ್ರ.

ಇಂಥ ಊರಿನಲ್ಲಿ, ರೇಷ್ಮೆ ಇಲಾಖೆಯ ಒಬ್ಬ ಸಣ್ಣ ಅಧಿಕಾರಿಯಾಗಿ, ಸೊಸೆ ತರುವ ವಯಸ್ಸಿನಲ್ಲಿ ನಾನು ಓಡಲು ಶುರುಮಾಡಿದೆ. ಇದಕ್ಕೆ ಕಾರಣ ಮಂಡ್ಯದ ಡಾಕ್ಟರು. ನನಗೆ ಆಗ ನಲವತ್ತಾರು. ಅವರು ನನ್ನ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದರು. ರೇಡಿಯೋದಲ್ಲಿ ಬೇಕಾದ ಸ್ಟೇಷನ್ನು ಸಿಗದವರ ಮುಖ ಮಾಡಿಕೊಂಡು ಕೇಳಿದರು:

"ನಿಮ್ಮ ತಂದೆಯವರು ಇದಾರಾ?"

"ಇಲ್ಲ. ನಲವತ್ತೊಂಬತ್ತಕ್ಕೆ ಹೋದರು. ಎದೆನೋವು."

"ಅಣ್ಣತಮ್ಮಂದಿರು?"

"ಅಣ್ಣ ಇದ್ದ. ಅವನು ಅಷ್ಟೂ ಕಾಯಲಿಲ್ಲ."

ಡಾಕ್ಟರು ಸ್ಟೆತಾಸ್ಕೋಪನ್ನು ಮಡಿಸಿಟ್ಟು, "ದಿನಾ ಬೆಳಿಗ್ಗೆ ಸ್ವಲ್ಪ ಜೋರಾಗಿ ನಡೀರಿ" ಎಂದರು. ಮೇಲಿನಿಂದ ಬಂದ ಆಜ್ಞೆಯನ್ನು ಒಂದಿಷ್ಟು ಕಡಿಮೆ ಮಾಡಿ ಜಾರಿಗೆ ತರುವುದು ಸರ್ಕಾರಿ ನೌಕರರ ಪದ್ಧತಿ. ನಾನು ಅದೊಂದು ಸಲ ಪದ್ಧತಿ ಮುರಿದು, ಹೆಚ್ಚು ಮಾಡಿ ಜಾರಿಗೆ ತಂದೆ.

ಓಡಿದ್ದು ಜೀವದ ಹೆದರಿಕೆಯಿಂದ. ಮುಂದುವರಿಸಿದ್ದು ಮಾತ್ರ ಬೇರೆ ಕಾರಣಕ್ಕೆ. ಮೊದಲ ಎರಡು ಮೈಲಿ ಮಂಡಿ, ಮೀನಖಂಡ, ಪಕ್ಕೆ ಎಲ್ಲವೂ ಒಂದೊಂದಾಗಿ ಅಹವಾಲು ಸಲ್ಲಿಸುತ್ತಿದ್ದವು. ಅದು ಮುಗಿದ ಮೇಲೆ ತಲೆಯೊಳಗೆ ಹಗಲೂ ರಾತ್ರಿ ಕೂತು ಲೆಕ್ಕ ಬರೆಯುವ ಒಬ್ಬ ಗುಮಾಸ್ತ ಇದ್ದಾನಲ್ಲ, ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಎರಡು ಕಡೆ ಕಬ್ಬಿನ ಗದ್ದೆ, ನಾಲೆಯ ನೀರಿನ ಸದ್ದು, ಎಲ್ಲೋ ಆಲೆಮನೆಯ ಹೊಗೆಯ ವಾಸನೆ. ನಲವತ್ತೊಂಬತ್ತು ಎಂಬ ಸಂಖ್ಯೆ ಜಗತ್ತಿನಲ್ಲಿ ಇದೆ ಎಂಬುದೇ ಮರೆತುಹೋಗುತ್ತಿತ್ತು.

ಆಗ ಹಿಂದಿನಿಂದ ಬಸ್ಸು ಬರುತ್ತಿತ್ತು.

ನಮ್ಮ ಸೀಮೆಯಲ್ಲಿ ದೊಡ್ಡವರೊಬ್ಬರು ರಸ್ತೆಯಲ್ಲಿ ಓಡುತ್ತಿದ್ದಾರೆ ಎಂದರೆ ಬಸ್ಸು ತಪ್ಪಿದೆ ಎಂದೇ ಅರ್ಥ. ಬಸ್ಸು ತಪ್ಪಿದವರನ್ನು ನೋಡಿಯೂ ನೋಡದಂತೆ ಹೋಗುವಷ್ಟು ಕಲ್ಲುಹೃದಯದ ಡ್ರೈವರು ಮದ್ದೂರು ತಾಲ್ಲೂಕಿನಲ್ಲಾಗಲಿ ಮಳವಳ್ಳಿ ತಾಲ್ಲೂಕಿನಲ್ಲಾಗಲಿ ಹುಟ್ಟಿಲ್ಲ. ಬಸ್ಸು ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಕಂಡಕ್ಟರು ಪುಟ್ಟಸ್ವಾಮಿ ಬಾಗಿಲು ತೆಗೆದು ಕೈ ಚಾಚುತ್ತಿದ್ದ.

"ಬನ್ನಿ ಸಾ. ಎಷ್ಟ್ ದೂರ ಅಂತ ಓಡೀರಿ. ಆಗ್ಲೇ ಬಂಡಿ ರಸ್ತೆತಾವ್ಲಿಂದ ನೋಡ್ತಾ ಇವ್ನಿ."

"ನಾನು ಬಸ್ಸಿಗೆ ಓಡ್ತಾ ಇಲ್ಲಪ್ಪ."

"ಮತ್ ಯಾತಕ್ ಸಾ?"

"ಸುಮ್ನೆ."

ಸುಮ್ಮನೆ ಓಡುವ ಮನುಷ್ಯನನ್ನು ನೋಡಲು ಅರವತ್ತು ಜನ ಒಂದೇ ಕಿಟಕಿಗೆ ಬರುತ್ತಿದ್ದರು. ಒಂದು ಸಲ ಒಳಗಿನಿಂದ ಒಬ್ಬ ಅಜ್ಜಿ ತೀರ್ಪು ಕೊಟ್ಟಳು: "ಮನೇಲಿ ಏನೋ ರಾದ್ಧಾಂತ ಆಗದೆ ಕಣ್ಲಾ. ಕೇಳ್ಬ್ಯಾಡ, ಅತ್ತಿಸ್ಕೋ ಪಾಪ."

ಹತ್ತದೆ ಇರುವುದು ಹೇಗೆ? ನಿಂತ ಬಸ್ಸನ್ನು ಹತ್ತದೆ ಕಳಿಸಿದರೆ ಅದು ಬಸ್ಸಿಗೆ ಮಾತ್ರ ಮಾಡಿದ ಅವಮಾನವಲ್ಲ, ಸರಿದು ಜಾಗ ಮಾಡಿಕೊಟ್ಟವರೆಲ್ಲರಿಗೂ ಮಾಡಿದ ಅವಮಾನ. ಹತ್ತುತ್ತಿದ್ದೆ. ಹೀಗೆ ಎರಡು ವರ್ಷ ನಾನು ಮಳವಳ್ಳಿಯಿಂದ ಮದ್ದೂರಿಗೆ ಓಡಲು ಹೊರಟು, ಒಮ್ಮೆಯೂ ಮದ್ದೂರನ್ನು ಕಾಲ ಮೇಲೆ ಮುಟ್ಟಲಿಲ್ಲ. ಹೊತ್ತು ಬದಲಾಯಿಸಿ ನೋಡಿದೆ. ಬಸ್ಸಿಲ್ಲದ ಹೊತ್ತಿನಲ್ಲಿ ಕಬ್ಬಿನ ಗಾಡಿಯವರು ಅಷ್ಟೇ ಕರುಣೆಯಿಂದ ಎತ್ತು ನಿಲ್ಲಿಸಿದರು.

ಮಂಡ್ಯ

ನನ್ನ ನಲವತ್ತೆಂಟನೆಯ ವರ್ಷದಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಗಿ, ಜಪಾನಿನವರು ಹುಳು ಸಾಕುವ ಕ್ರಮವನ್ನು ನೋಡಿಬರಲು ಜಿಲ್ಲೆಯಿಂದ ಒಬ್ಬ ಅಧಿಕಾರಿಯನ್ನೂ ಒಬ್ಬ ರೈತನನ್ನೂ ಕಳಿಸುವುದೆಂದಾಯಿತು. ಅಧಿಕಾರಿ ನಾನು. ರೈತ ಬಂಡೂರಿನ ನಿಂಗೇಗೌಡರು. ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದರೂ ಅವರ ಪ್ರಾಣವಿದ್ದದ್ದು ಕುರಿಯಲ್ಲಿ. ಎಲ್ಲರೂ ಜೇಬಿನಲ್ಲಿ ದೇವರದೋ ಮಕ್ಕಳದೋ ಫೋಟೋ ಇಟ್ಟುಕೊಂಡರೆ, ಗೌಡರು ವಸ್ತುಪ್ರದರ್ಶನದಲ್ಲಿ ಗೆದ್ದ ತಮ್ಮ ಟಗರಿನ ಫೋಟೋ ಇಟ್ಟುಕೊಂಡಿದ್ದರು. ನನ್ನ ವಯಸ್ಸಿನವರೇ. ನಾನು ಪುರೋಹಿತರ ಮನೆಯಲ್ಲಿ ಹುಟ್ಟಿದವನಾದ್ದರಿಂದ ನನ್ನನ್ನು ಅಯ್ನೋರೆ ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಗೌರವವೋ ಗೇಲಿಯೋ ಎಂಬುದು ಆಯಾ ದಿನದ ಹವಾಮಾನವನ್ನು ಅವಲಂಬಿಸಿತ್ತು.

ಜಪಾನಿನಿಂದ ಬಂದ ಕಾರ್ಯಕ್ರಮದಲ್ಲಿ, ನಾವು ಇರಬೇಕಾದ ರೇಷ್ಮೆ ಪಟ್ಟಣದಲ್ಲಿ ಕೊನೆಯ ಭಾನುವಾರ ಊರವರ ದೂರದ ಓಟವಿದೆ, ಅತಿಥಿಗಳು ಇಷ್ಟಪಟ್ಟರೆ ಓಡಬಹುದು ಎಂದಿತ್ತು. ದೂರ ನೋಡಿದೆ. ಹೆಚ್ಚುಕಡಿಮೆ ಮಳವಳ್ಳಿಯಿಂದ ಮದ್ದೂರಿಗಿದ್ದಷ್ಟೇ. ಹೆಂಡತಿ ಶಾರದೆಗೆ ಹೇಳಿದೆ. ಅವಳು ಚಟ್ನಿಪುಡಿಯನ್ನು ಡಬ್ಬಕ್ಕೆ ಒತ್ತಿ ತುಂಬುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ನೋಡಿ, ಎರಡು ವರ್ಷದಿಂದ ನೀವು ಓಡೋದು ಬಸ್ಸಲ್ಲಿ ಮುಗಿಯುತ್ತೆ. ಬೀದೀಲಿ ಹೋದ್ರೆ, 'ಅಮ್ಮಾವ್ರೆ, ಮನೇಲಿ ಎಲ್ಲಾ ಸರಿಯಾಗಿದೀರಾ' ಅಂತ ನನ್ನನ್ನ ಕೇಳ್ತಾರೆ. ಅಲ್ಲಾದ್ರೂ ಒಂದ್ಸಲ ಹೊರಟ ಕಡೆಯಿಂದ ಹೋಗೋ ಕಡೆಗೆ ಓಡಿ ಮುಗಿಸಿ. ಆಮೇಲೆ ನಾನು ಸಾಯೋವರೆಗೂ ಬೇಡ ಅನ್ನಲ್ಲ. ಅದೂ ಬಸ್ಸಲ್ಲೇ ಮುಗಿದ್ರೆ, ಬೂಟು ಬಿಚ್ಚಿ ಅಟ್ಟಕ್ಕೆ ಹಾಕಿ. ಆಮೇಲೆ ನಡೆಯೋದು. ಡಾಕ್ಟರು ಹೇಳಿದ್ದೂ ಅಷ್ಟೇ ತಾನೆ?"

ನ್ಯಾಯವಾದ ಮಾತು. ಒಪ್ಪಿದೆ. ಒಪ್ಪಿದ ಮೇಲೆ ಗೊತ್ತಾಯಿತು, ಆ ಬೆಳಗಿನ ಓಟಗಳನ್ನು ಬಿಟ್ಟು ನನಗೆ ಇನ್ನಾವ ಔಷಧವೂ ಇಲ್ಲ ಎಂದು. ನಡೆಯುವವನ ತಲೆಯಲ್ಲಿ ಗುಮಾಸ್ತ ಕೂತೇ ಇರುತ್ತಾನೆ.

ಮಂಡ್ಯದಲ್ಲಿ ನಮಗೆ ಹಾರ ಹಾಕಿದರು. ಭಾಷಣಕಾರರೊಬ್ಬರು ನಮ್ಮನ್ನು ರೇಷ್ಮೆಯ ಎಳೆಯಿಂದ ಎರಡು ದೇಶಗಳನ್ನು ಕಟ್ಟುವ ಹುಳುಗಳೆಂದು ಬಣ್ಣಿಸಿದರು. ಗೌಡರು ನನ್ನ ಕಿವಿಯ ಹತ್ತಿರ ಬಾಗಿ, "ಅಯ್ನೋರೆ, ಗೂಡು ಕಟ್ಟಿದ್ ಉಳೂನ ಕಡೀಗೆ ಏನ್ ಮಾಡ್ತಾರೆ ಅನ್ನೋದು ಇವ್ರಿಗೆ ಗೊತ್ತಿಲ್ವಾ?" ಎಂದರು.

ಆಕಾಶ

ಬೊಂಬಾಯಿಯಲ್ಲಿ ವಿಮಾನದ ಬಾಗಿಲು ತೆಗೆದದ್ದೇ ಗೌಡರು ಮುಂದೆ ನುಗ್ಗಿ ಕಾಣೆಯಾದರು. ನಾನು ಒಳಗೆ ಹೋಗುವಷ್ಟರಲ್ಲಿ ಕಿಟಕಿ ಪಕ್ಕದ ಎರಡು ಸೀಟುಗಳ ಮೇಲೆ ಅವರ ಟವಲು ಹಾಸಿತ್ತು. ಅದರ ಮೇಲೆ ಕೈಯಿಟ್ಟುಕೊಂಡು, ಕೆಂಪು ಟೈ ಕಟ್ಟಿದ ಒಬ್ಬ ಬಿಳಿಯನ ಎದುರು ಗೌಡರು ನಿಂತಿದ್ದರು. ಆತ ತನ್ನ ಚೀಟಿಯ ನಂಬರನ್ನೂ ಸೀಟಿನ ನಂಬರನ್ನೂ ತೋರಿಸುತ್ತಿದ್ದ. ಗೌಡರು ಟವಲನ್ನು ತೋರಿಸುತ್ತಿದ್ದರು. ಮಂಡ್ಯ ಬಸ್‌ಸ್ಟಾಂಡಿನ ಧರ್ಮಶಾಸ್ತ್ರದಲ್ಲಿ ಕಿಟಕಿಯಿಂದ ಬಿದ್ದ ಟವಲಿಗಿಂತ ದೊಡ್ಡ ದಸ್ತಾವೇಜು ಇಲ್ಲ.

"ಗೌಡ್ರೇ, ಇಲ್ಲಿ ಸೀಟಿಗೆ ನಂಬರು ಇರುತ್ತೆ."

"ಇರ್ಲಿ ಬುಡಿ. ಮೊದ್ಲು ಬಂದೋರು ಯಾರು, ಅದ್ ಕೇಳಿ."

ಗಗನಸಖಿ ನಗುತ್ತ ಬಂದು ಅವರನ್ನು ಸರಿಯಾದ ಸೀಟಿಗೆ ಕರೆದೊಯ್ದಳು. ಅದೂ ಕಿಟಕಿ ಪಕ್ಕದ್ದೇ ಆಗಿತ್ತು. ದಾರಿಯುದ್ದಕ್ಕೂ ಅವರು ಮೋಡ ನೋಡಲಿಲ್ಲ, ಆ ಬಿಳಿಯನನ್ನು ನೋಡಿದರು.

ಟೋಕಿಯೋ

ಈ ನಗರದ ದೊಡ್ಡತನವನ್ನು ಹೋಗಿಬಂದವರೆಲ್ಲ ಬರೆದಿದ್ದಾರೆ. ನಾನು ಕಂಡದ್ದು ಒಂದೇ: ಇಲ್ಲಿ ದೊಡ್ಡವರು ಓಡುತ್ತಾರೆ. ಸೂಟು ಹಾಕಿದ ಗುಮಾಸ್ತರು ರೈಲಿಗೆ ಓಡುತ್ತಾರೆ, ಮುದುಕಿಯರು ಸಿಗ್ನಲ್ಲಿಗೆ ಓಡುತ್ತಾರೆ. ಬೆಳಿಗ್ಗೆ ಅರಮನೆಯ ಕಂದಕದ ಸುತ್ತ ನನ್ನ ವಯಸ್ಸಿನ ಗಂಡಸರು ಚಡ್ಡಿ ಹಾಕಿಕೊಂಡು ಸುಮ್ಮನೆ ಓಡುತ್ತಾರೆ. ಅವರನ್ನು ಕಂಡು ನನಗೆ ಬಳಗ ಸಿಕ್ಕಿದಷ್ಟು ಸಂತೋಷವಾಯಿತು. ಮರುದಿನ ನಾನೂ ಓಡಿದೆ.

ಯಾರೂ ಕೇಳಲಿಲ್ಲ. ಯಾರೂ ನಿಲ್ಲಲಿಲ್ಲ. ಒಂದು ನಾಯಿ ಕೂಡ ಎದ್ದು ವಿಚಾರಿಸಲಿಲ್ಲ. ಮೊದಲಿಗೆ ಇದು ಸ್ವರ್ಗ ಎನ್ನಿಸಿತು. ಎರಡನೆಯ ಸುತ್ತಿನಲ್ಲಿ, ಇಲ್ಲಿ ನಾನು ಎದೆ ಹಿಡಿದುಕೊಂಡು ಬಿದ್ದರೂ ಇವರೆಲ್ಲ ಬಹಳ ಮರ್ಯಾದೆಯಿಂದ ಸುತ್ತು ಹಾಕಿ ಹೋಗಬಹುದು ಎಂಬ ಯೋಚನೆ ಬಂತು. ಮಳವಳ್ಳಿ ರಸ್ತೆಯಲ್ಲಿ ಬೀಳುವುದು ಸಾಧ್ಯವಿಲ್ಲ. ಬೀಳುವ ಮೊದಲೇ ಎತ್ತಿಕೊಳ್ಳುತ್ತಾರೆ.

ಸಂಜೆ ಗೌಡರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ನಂಗೇನೋ ಒಳ್ಳೆ ಜನ ಅನ್ನುಸ್ತು. ಓಟ್ಲಲ್ಲಿ ಟಗರು ತೋರ್ಸುದ್ರೆ ಬಗ್ಗಿ ನಮಸ್ಕಾರ ಮಾಡುದ್ರು. ನಮ್ಮೂರಲ್ಲಿ ಯಾವನ್ ಮಾಡ್ದ?"

ರೇಷ್ಮೆ ಪಟ್ಟಣ

ರೈಲಿನಲ್ಲಿ ಅರ್ಧ ದಿನ ಹೋದರೆ ಸುತ್ತ ಬೆಟ್ಟ, ನಡುವೆ ಹಿಪ್ಪುನೇರಳೆ ತೋಟಗಳಿರುವ ಒಂದು ಪಟ್ಟಣ. ಅದರ ಹೆಸರನ್ನು ನಾನು ಹೇಳಿದರೆ ಅಲ್ಲಿಯವರಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ನಮಗೆ ಮಾತು ದಾಟಿಸಲು ತನಾಕಾ ಎಂಬ ಮೆತ್ತನೆಯ ಯುವಕನನ್ನು ಕೊಟ್ಟಿದ್ದರು. ಅವನು ಜಪಾನಿಯಿಂದ ಇಂಗ್ಲಿಷಿಗೆ ದಾಟಿಸುತ್ತಿದ್ದ, ನಾನು ಇಂಗ್ಲಿಷಿನಿಂದ ಕನ್ನಡಕ್ಕೆ. ಗೌಡರ ಹತ್ತಿರ ಬರುವಷ್ಟರಲ್ಲಿ ಅದು ಬಹಳ ಸವೆದಿರುತ್ತಿತ್ತು. ನಾನಿಲ್ಲದಾಗ ಅವರಿಬ್ಬರ ನಡುವೆ ಇದ್ದ ಭಾಷೆ ಕೈಸನ್ನೆಯೊಂದೇ.

ಹುಳುಗಳ ವಿಷಯ ಇಲಾಖೆಗೆ ಪ್ರತ್ಯೇಕವಾಗಿ ವರದಿ ಮಾಡಿದ್ದೇನೆ. ತಟ್ಟೆಯ ಮೇಲೆ ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಅಲ್ಲಿಯೂ ಇಲ್ಲಿಯಂತೆಯೇ, ತೆಂಗಿನ ಗರಿಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅದನ್ನು ಕೇಳುತ್ತ ಕಣ್ಣು ಮುಚ್ಚಿದರೆ ಮಳವಳ್ಳಿ. ತೆರೆದರೆ ಮನೆಯ ಹೊಸ್ತಿಲಲ್ಲಿ ಮೂರು ಬಗೆಯ ಚಪ್ಪಲಿ. ಅಲ್ಲಿ ಹೊರಗಿನ ಚಪ್ಪಲಿ ಬೇರೆ, ಒಳಗಿನದು ಬೇರೆ, ಪಾಯಿಖಾನೆಗೇ ಒಂದು ಬೇರೆ. ನಮ್ಮಜ್ಜಿಯ ಮಡಿ ಇದರ ಮುಂದೆ ಏನೂ ಅಲ್ಲ. ಗೌಡರು ಪಾಯಿಖಾನೆಯ ಚಪ್ಪಲಿಯಲ್ಲೇ ನಡುಮನೆಗೆ ಬಂದು, ಚಾಪೆಯ ಮೇಲೆ ನಿಂತು ಟಗರಿನ ಫೋಟೋ ತೋರಿಸಿದರು. ವಸತಿಗೃಹದ ಯಜಮಾನಿತಿ ಮೊದಲು ಫೋಟೋಗೆ ಬಗ್ಗಿ, ಆಮೇಲೆ ಇನ್ನಷ್ಟು ಬಗ್ಗಿ ಚಪ್ಪಲಿ ತೆಗೆದುಕೊಂಡು ಹೋದಳು.

ಆ ತಾಯಿಯ ಅಡುಗೆಯಲ್ಲಿ ನೀರೊಂದನ್ನು ಬಿಟ್ಟು ಎಲ್ಲದರಲ್ಲೂ ಮೀನಿನ ಅಂಶವಿತ್ತು. ನಾನು ಅನ್ನ ಚಟ್ನಿಪುಡಿಯಲ್ಲಿ ದಿನ ದೂಡಿದೆ. ಗೌಡರು ಮೀನಿನ ಜೊತೆಗೇ, ಊರಿನಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿ ಯಜಮಾನಿತಿಗೂ ಒಂದು ಕೊಟ್ಟರು. ಅವಳು ತುತ್ತು ಬಾಯಿಗಿಟ್ಟು ಮರ್ಯಾದೆಗಾಗಿ ಅಗಿದಳು. ಅಗಿದೇ ಅಗಿದಳು. ಅದು ಹಲ್ಲಿಗೆ ಅಂಟಿಕೊಂಡಿತು.

"ಅಗೀಬಾರ್ದು ಕಣಮ್ಮ," ಎಂದರು ಗೌಡರು ಅಕ್ಕರೆಯಿಂದ, ತಮ್ಮ ಗಂಟಲು ತೋರಿಸುತ್ತ. "ನುಂಗ್ಬುಡ್ಬೇಕು. ಅಲ್ಲುಗ್ಳಿಗೂ ಅದ್ಕೂ ಸಂಬಂದ ಇಲ್ಲ."

ಓಟದ ಹಿಂದಿನ ಸಂಜೆ ತನಾಕಾ ನಿಯಮಗಳನ್ನು ತಿಳಿಸಿದ. ಶಾಲೆಯ ಮೈದಾನದಿಂದ ಹೊರಟು, ಕೆರೆ ಸುತ್ತಿ, ಬೆಟ್ಟದ ತಪ್ಪಲಿನ ರಸ್ತೆಯಲ್ಲಿ ಬಂದು ಅದೇ ಮೈದಾನ ಮುಟ್ಟಬೇಕು. ಎಲ್ಲರಿಗಿಂತ ಹಿಂದೆ, ಬಿಳಿ ಬಾವುಟ ಕಟ್ಟಿದ ಒಂದು ಬಸ್ಸು ನಿಧಾನವಾಗಿ ಬರುತ್ತದೆ. ಅದು ಯಾರನ್ನು ದಾಟುತ್ತದೋ ಅವರು ಅಲ್ಲಿಗೆ ನಿಲ್ಲಿಸಿ ಬಸ್ಸು ಹತ್ತಬೇಕು. ಅದು ಮೈದಾನದೊಳಗೆ ಬಂದರೆ ಓಟ ಮುಗಿದ ಹಾಗೆ, ಗೇಟು ಹಾಕುತ್ತಾರೆ.

ನಾನು ಇದನ್ನು ಕನ್ನಡಕ್ಕೆ ದಾಟಿಸಿದೆ. ಗೌಡರ ಮುಖ ಅರಳಿತು.

"ಇದು ಬೋ ಒಳ್ಳೆ ಯವಸ್ತೆ. ನಮ್ ಕಡೆ ಸುಮ್ ಸುಮ್ಕೆ ನಿಲ್ಸಿ ಅತ್ತುಸ್ಕೋತಾರೆ, ಇಲ್ಲಿ ಕಾನೂನೇ ಮಾಡವ್ರೆ. ನಾನು ಬಸ್ಸಲ್ಲೇ ಬತ್ತೀನಿ."

ಸಮುದ್ರ ದಾಟಿ ಬಂದರೂ ಮಳವಳ್ಳಿಯ ಬಸ್ಸು ನನ್ನ ಹಿಂದೆಯೇ ಬಂದಿತ್ತು. ಈ ಸಲ ಅದಕ್ಕೆ ಅಧಿಕಾರವೂ ಇತ್ತು.

ಓಟದ ದಿನ: ಕೆರೆ

ಬೆಳಿಗ್ಗೆ ಚಳಿ. ಮೈದಾನದಲ್ಲಿ ಊರಿಗೆ ಊರೇ ಸೇರಿತ್ತು. ಅಂಗಡಿಯವರು, ಮೇಷ್ಟರು, ಅಂಚೆಯವನು, ನನಗಿಂತ ಹಿರಿಯರು ಹತ್ತಾರು ಮಂದಿ. ಮಂಡ್ಯದ ದರ್ಜಿ ಖಾಕಿ ಬಟ್ಟೆಯಲ್ಲಿ ಹೊಲಿದ ನನ್ನ ಚಡ್ಡಿ ಮಂಡಿಯ ಕೆಳಗೆ ಬರುತ್ತಿತ್ತು. "ಬೆಳೆಯೋ ಮೈ ಸಾರ್, ಇರ್ಲಿ" ಎಂದಿದ್ದ ಅವನು. ಪಿಸ್ತೂಲು ಹೊಡೆದರು. ಎಲ್ಲರೂ ಹೊರಟರು. ಕೆರೆಯ ಏರಿ ಮುಟ್ಟುವಷ್ಟರಲ್ಲಿ, ಸಾಕಾಗಿ ರಸ್ತೆಬದಿಯಲ್ಲಿ ಕೂತುಬಿಟ್ಟ ಕೆಲವರನ್ನು ಬಿಟ್ಟರೆ ಎಲ್ಲರೂ ಮುಂದೆ ಇದ್ದರು.

ರಸ್ತೆಯ ಎರಡು ಪಕ್ಕ ಜನ ಕಾಗದದ ಬಾವುಟ ಹಿಡಿದು ನಿಂತಿದ್ದರು. ನನ್ನನ್ನು ಕಂಡು "ಗಂಬಾರೆ, ಗಂಬಾರೆ" ಎಂದರು. ಬಿಡಬೇಡ, ಹಿಡಿದು ಸಾಗು ಎಂದು ಅದರ ಅರ್ಥವಂತೆ. ನನ್ನ ಎರಡು ವರ್ಷದ ಅನುಭವದಲ್ಲಿ ರಸ್ತೆಬದಿಯವರು ಹೇಳುತ್ತಿದ್ದುದು "ಸಾಕ್ ಬುಡಿ ಸಾ, ಯಾಕಿಂಗೆ" ಎಂಬುದೊಂದೇ. ಗುರುತಿಲ್ಲದ ಹೆಂಗಸರು, ಯಾರ ಮನೆಯ ಮುದುಕರೋ, ನನಗೆ ಬಿಡಬೇಡ ಎಂದು ಹೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಳ್ಳುತ್ತ ಓಡುವುದು ಕಷ್ಟವೆಂದು ಕೂಡಲೇ ಗೊತ್ತಾಗಿ ಭಾವನೆಯನ್ನು ಮುಂದಕ್ಕೆ ಹಾಕಿದೆ.

ಕೆರೆಯ ಆಚೆ ಬದಿಯಲ್ಲಿ ಹಣೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕರು ಜೊತೆಯಾದರು. ನಾನು ಅವರನ್ನು ದಾಟಿದರೆ ಅವರು ಓಡುತ್ತಲೇ ತಲೆ ಬಾಗಿಸುತ್ತಿದ್ದರು. ಅವರು ನನ್ನನ್ನು ದಾಟಿದರೆ, ಕ್ಷಮೆ ಕೇಳುವವರಂತೆ ಇನ್ನೂ ಹೆಚ್ಚು ಬಾಗಿಸುತ್ತಿದ್ದರು. ಕೊನೆಗೆ ಅವರು ಬಹಳ ಸಂಕೋಚದಿಂದ ನನ್ನನ್ನು ಬಿಟ್ಟು ಹೋದರು.

ಅಲ್ಲಿಂದ ಮುಂದೆ ರಸ್ತೆಯಲ್ಲಿ ನಾನೊಬ್ಬನೇ.

ಓಟದ ದಿನ: ತಪ್ಪಲು

ಏರುರಸ್ತೆ ಶುರುವಾದ ಕಡೆ ಪಕ್ಕೆ ಹಿಡಿಯಿತು. ಎದೆಯಲ್ಲ, ಪಕ್ಕೆ. ಅದನ್ನು ಎರಡೆರಡು ಸಲ ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಂಡೆ. ಆಗ ಹಿಂದೆ ಸಣ್ಣ ಗೇರಿನಲ್ಲಿ ಏರು ಹತ್ತುವ ಎಂಜಿನ್ನಿನ ಸದ್ದು ಕೇಳಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಆ ಸದ್ದು ನನಗೆ ಮೊದಲಿನಿಂದಲೂ ಗೊತ್ತು.

ಬಸ್ಸು ನನ್ನ ಹಿಂದೆ, ಎತ್ತು ಕಾಯುವವನಂತೆ ಬಂತು. ಕಿಟಕಿಯಿಂದ ಗೌಡರ ತಲೆ ಹೊರಗೆ ಬಂತು.

"ಅಯ್ನೋರೆ, ಸೀಟ್ ಇಡ್ದಿವ್ನಿ. ಕಿಟಕಿ ಪಕ್ಕ. ಟವಲ್ ಆಕಿವ್ನಿ."

"ಗೌಡ್ರೇ, ನಾನು ಹತ್ತಲ್ಲ."

"ಯಾಕೆ? ಸುಮಾರ್ ಜನ ಅತ್ತವ್ರೆ. ಎಲ್ಲಾ ಮಾನವಾಗೇ ಕುಂತವ್ರೆ. ಬನ್ನಿ, ಮಕ ನೋಡುದ್ರೆ ಕಪ್ಪಿಟ್ಟೋಗದೆ."

"ಇವತ್ತು ಹತ್ತಿದ್ರೆ ಓಡೋದು ಅಲ್ಲಿಗೆ ಮುಗೀತು. ಮನೇಲಿ ಮಾತು ಕೊಟ್ಟು ಬಂದಿದೀನಿ. ಬೂಟು ಅಟ್ಟಕ್ಕೆ ಹೋಗುತ್ತೆ."

"ಓಗ್ಲಿ ಬುಡಿ. ಬೂಟ್ ತಾನೆ."

ಉಸಿರು ಇದ್ದದ್ದೇ ಕಡಿಮೆ. ಅದನ್ನು ಮಾತಿಗೆ ಖರ್ಚು ಮಾಡಬಾರದೆಂದು ಗೊತ್ತಿತ್ತು. ಆದರೂ ಡಾಕ್ಟರಿಗೂ ಶಾರದೆಗೂ ಹೇಳದ ಮಾತನ್ನು, ರಸ್ತೆ ನೋಡಿಕೊಂಡು, ಬಸ್ಸಿನ ಕಿಟಕಿಗೆ ಹೇಳಿದೆ.

"ಗೌಡ್ರೇ, ನಮ್ಮಪ್ಪ ನಲವತ್ತೊಂಬತ್ತಕ್ಕೆ ಹೋದ್ರು. ಅಣ್ಣ ಇನ್ನೂ ಮುಂಚೆ. ನನಗೆ ಈಗ ನಲವತ್ತೆಂಟು. ದಿನಾ ಎದ್ದ ಕೂಡ್ಲೆ ಅದೇ ನೆನಪು. ಓಡೋವಾಗ ಮಾತ್ರ ಅದು ಮರೆತಿರುತ್ತೆ."

ಬಸ್ಸಿನ ಮೂತಿ ನನ್ನ ಮೊಣಕೈಯವರೆಗೂ ಬಂದಿತ್ತು. ಗೌಡರ ದನಿ ಕೇಳಿತು. ಅದರಲ್ಲಿ ಗೇಲಿ ಇರಲಿಲ್ಲ.

"ಈಗ ಬಸ್ಸು ನಿಮ್ಮನ್ನ ದಾಟ್ಬಾರ್ದು. ಅಷ್ಟೇ ಅಲ್ವಾ?"

"ಅಷ್ಟೇ."

"ಅದ್ಯಾವ್ ದೊಡ್ ಇಚಾರ. ನೀವ್ ಓಗಿ."

ತಲೆ ಒಳಗೆ ಹೋಯಿತು. ಒಳಗೆ ಏನೋ ಗದ್ದಲವಾಯಿತು. ಬ್ರೇಕಿನ ಸದ್ದು ಕೇಳಿತು. ನಾನು ಹತ್ತು ಮಾರು ಓಡಿ ಹಿಂತಿರುಗಿ ನೋಡಿದೆ.

ಬಸ್ಸು ನಿಂತಿತ್ತು. ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಗೌಡರು ಒಂದು ಕಾಲನ್ನು ಮೆಟ್ಟಿಲ ಮೇಲೂ ಒಂದು ಕಾಲನ್ನು ಜಪಾನಿನ ನೆಲದ ಮೇಲೂ ಇಟ್ಟು, ಕಂಬಿ ಹಿಡಿದು, ಬಂದ ದಾರಿಯ ಕಡೆ ಮುಖ ಮಾಡಿ ನಿಂತಿದ್ದರು. ಆ ರಸ್ತೆಯಲ್ಲಿ ಕಣ್ಣು ಹಾಯುವವರೆಗೂ ನರಪಿಳ್ಳೆ ಇರಲಿಲ್ಲ. ಅದಕ್ಕೆ ಅವರು ಕೈಬೀಸುತ್ತಿದ್ದರು.

"ಬತ್ತಾವ್ರೆ," ಎನ್ನುತ್ತಿದ್ದರು. "ಒಸಿ ತಡೀರಿ, ಬತ್ತಾವ್ರೆ."

ಮಂಡ್ಯ ಜಿಲ್ಲೆಯವರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ. ಮನೆಮಂದಿಯೆಲ್ಲ ಊರಿಗೆ ಹೊರಟಾಗ ಒಬ್ಬರು ಮೊದಲು ಬಂದು ಬಸ್ಸಿಗೆ ಒಂದು ಕಾಲು ಕೊಡುತ್ತಾರೆ. ಇನ್ನೊಂದು ಕಾಲು ನೆಲ ಬಿಡುವವರೆಗೆ ಬಸ್ಸು ಚಲಿಸುವ ಹಾಗಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಹೆಂಗಸರು ತಲೆ ಬಾಚಿ, ಹಸುವಿಗೆ ಹುಲ್ಲು ಹಾಕಿ, ಪಕ್ಕದ ಮನೆಗೆ ಬೀಗದ ಕೈ ಕೊಟ್ಟು, ಮಗುವಿಗೆ ಚಡ್ಡಿ ಹುಡುಕಿ ಬರುತ್ತಾರೆ. ಡ್ರೈವರು ಬಯ್ಯುತ್ತಾನೆ, ಹಾರನ್ನು ಹೊಡೆಯುತ್ತಾನೆ, ಹೊರಡುವುದಿಲ್ಲ. ಈ ಕಾಲನ್ನು ಮೀರಿದ ಬಸ್ಸು ನಮ್ಮ ಜಿಲ್ಲೆಯಲ್ಲಿಲ್ಲ. ಜಪಾನಿನ ಡ್ರೈವರಿಗೆ ಬಯ್ಯಲು ಬರುತ್ತಿರಲಿಲ್ಲ, ಪಾಪ.

ನಾನು ಓಡಿದೆ. ತಪ್ಪಲಿನ ತಿರುವುಗಳಲ್ಲಿ ಎಂಜಿನ್ನಿನ ಸದ್ದು ಮತ್ತೆ ಹತ್ತಿರವಾಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಹಿಂದಿನಿಂದ ಗಾಳಿಯಲ್ಲಿ "ಬತ್ತಾವ್ರೆ" ತೇಲಿ ಬರುತ್ತಿತ್ತು. ಒಂದು ಕಡೆ ಪಕ್ಕೆ ತಾಳಲಾರದೆ ನಡೆದೆ. ಇನ್ನೊಂದು ಕಡೆ ಒಂದು ಮನೆಯಿಂದ ಒಬ್ಬ ಹೆಂಗಸು ಹೊರಗೆ ಬಂದು, ಓಟ ಆಗಲೇ ಮುಗಿದಿರಬೇಕೆಂದು ಬಾವುಟವನ್ನು ಒಲೆಗೆ ಹಾಕುವವಳಿದ್ದವಳು, ನನ್ನನ್ನು ಕಂಡು ಅದನ್ನೇ ಬೀಸಿದಳು. ಮತ್ತೆ ಓಡಿದೆ.

ಬಸ್ಸಿನೊಳಗೆ ನಡೆದದ್ದನ್ನು, ಗೌಡರ ಜೊತೆಗೆ ಅದರಲ್ಲಿದ್ದ ತನಾಕಾ ಆಮೇಲೆ ಹೇಳಿದ. ಡ್ರೈವರು ಇಳಿದು ಬಂದು ಗೌಡರಿಗೆ ಬಗ್ಗಿದನಂತೆ. ಗೌಡರು ಕೈಮುಗಿದರಂತೆ. ಅವನು ಇನ್ನೂ ಬಗ್ಗಿದನಂತೆ, ಇವರು ಇನ್ನೊಮ್ಮೆ ಮುಗಿದರಂತೆ. ಆ ದೇಶದಲ್ಲಿ ನಮಸ್ಕಾರವನ್ನು ಮೊದಲು ನಿಲ್ಲಿಸುವುದು ಒರಟುತನ. ಬಂಡೂರಿನಲ್ಲಿ ಅದು ಸೋಲು. ಹಿಂದೆ ಬರುವವರು ಯಾರು ಎಂದು ತನಾಕಾ ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಗೌಡರು ಮೊದಲು ಒಂದು ಹೆಂಗಸಿನ ಎತ್ತರ ತೋರಿಸಿದರಂತೆ, ಆಮೇಲೆ ಒಂದು ಮಗುವಿನ ಎತ್ತರ, ಆಮೇಲೆ ತಲೆಯ ಮೇಲೆ ಒಂದು ಗಂಟು. ನಮ್ಮ ಸರ್ಕಾರ ತಿಳಿಸದೆ ಇನ್ನೂ ಕೆಲವರನ್ನು ಕಳಿಸಿದೆ ಎಂದುಕೊಂಡ ತನಾಕಾ, ಅವರಿಗೆ ವಸತಿಗೃಹದಲ್ಲಿ ಕೋಣೆ ಸಾಲದಲ್ಲ ಎಂದು ದಾರಿಯುದ್ದಕ್ಕೂ ಬೆವೆತನಂತೆ. ಬಸ್ಸಿನಲ್ಲಿದ್ದ ಸೋತ ಓಟಗಾರರು, ಅತಿಥಿಗಳ ಮನೆಯವರನ್ನು ಬಿಟ್ಟು ಹೋಗುವುದು ಹೇಗೆ ಎಂದುಕೊಂಡು, ಒಬ್ಬರೂ ಗೊಣಗಲಿಲ್ಲವಂತೆ.

ಮೈದಾನ

ಮೈದಾನದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಗೇಟಿನ ಹತ್ತಿರ ಇಬ್ಬರು ಬಸ್ಸಿನ ದಾರಿ ನೋಡುತ್ತ ನಿಂತಿದ್ದರು. ಬಸ್ಸಿನ ಬದಲು ನ್ಯಾಯವಾಗಿ ಬರಬಾರದಾಗಿದ್ದ ನಾನು ಬಂದೆ. ಅವರು ಗಡಿಬಿಡಿಯಿಂದ, ಆಗಲೇ ಸುತ್ತಿಟ್ಟಿದ್ದ ದಾರವನ್ನು ಮತ್ತೆ ಬಿಚ್ಚಿ ಎರಡು ಕಡೆ ಹಿಡಿದರು. ಅದನ್ನು ಎದೆಯಿಂದ ದೂಡಿದೆ. ಎದೆ ಬಹಳ ಜೋರಾಗಿ, ಆದರೆ ನಿಯಮಿತವಾಗಿ ಬಡಿಯುತ್ತಿತ್ತು. ಜೋಡಿಸಿದ್ದ ಕುರ್ಚಿಗಳಲ್ಲಿ ಒಂದನ್ನು ತೆಗೆದು ಹಾಕಿದರು. ಕೂತೆ. ಹಣೆಗೆ ಬಟ್ಟೆ ಕಟ್ಟಿದ ಮುದುಕರು ಒಂದು ಬಟ್ಟಲು ಬಿಸಿ ಚಹ ತಂದುಕೊಟ್ಟು ತಲೆ ಬಾಗಿಸಿದರು. ಅದರಲ್ಲಿ ಮೀನು ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಸ್ಸು ಬಂತು. ಗೌಡರು ಎರಡೂ ಕಾಲಿನಿಂದ ಇಳಿದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಂದರು.

"ಮುಟ್ಟುದ್ರಾ?"

"ಮುಟ್ಟಿದೆ."

"ಸರಿ. ಇನ್ ಯಾರೂ ಬರಾಂಗಿಲ್ಲ ಅಂತ ಆ ಡ್ರೈವರಿಗೆ ಏಳ್ಬುಡಿ. ಇನ್ನೂ ರಸ್ತೆ ನೋಡ್ತಾ ಅವ್ನೆ."

ತನಾಕಾನ ಮೂಲಕ ಹೇಳಿಸಿದೆ. ಡ್ರೈವರಿಗೆ ನೆಮ್ಮದಿಯಾಯಿತೋ ದುಃಖವಾಯಿತೋ ತಿಳಿಯದು. ಅವನು ಬಗ್ಗಿದ. ಗೌಡರು ಕೈಮುಗಿದರು. ನಾನು ಇಬ್ಬರನ್ನೂ ಹಾಗೆಯೇ ಬಿಟ್ಟು ಬೂಟು ಬಿಚ್ಚಲು ಕೂತೆ.

ಮಳವಳ್ಳಿ

ಶಾರದೆಗೆ ನಡೆದದ್ದನ್ನೆಲ್ಲ ನಡೆದಂತೆಯೇ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಬಸ್ಸು ಹತ್ತಲಿಲ್ಲ ತಾನೆ?" ಎಂದಳು. ಇಲ್ಲ ಎಂದೆ. "ಹಾಗಾದ್ರೆ ಆಯ್ತು" ಎಂದು ಒಳಗೆ ಹೋದಳು.

ಮಳವಳ್ಳಿ ರಸ್ತೆಯಲ್ಲಿ ಈಗಲೂ ದಿನಾ ಬೆಳಿಗ್ಗೆ ಓಡುತ್ತೇನೆ. ಪುಟ್ಟಸ್ವಾಮಿ ಈಗಲೂ ಬಸ್ಸು ನಿಲ್ಲಿಸುತ್ತಾನೆ. ಮದ್ದೂರನ್ನು ಕಾಲ ಮೇಲೆ ಇನ್ನೂ ಮುಟ್ಟಿಲ್ಲ. ಹೋದ ತಿಂಗಳು ನನಗೆ ಐವತ್ತೊಂದು ತುಂಬಿತು.